ಮಳೆಯಲ್ಲಿ ಮಾವ ಕಂಡದ್ದು

ನನ್ನ ಮಾವ ಕಂಡದ್ದು ನಿಜವಾಗಿತ್ತು. ನಿಜವೆಂದು ನನಗೆ ಗೊತ್ತಾದ ಮಧ್ಯಾಹ್ನವೇ, ಅವರು ನನ್ನನ್ನು ಕೇಳಿದಾಗ, ನಾನು ಇಲ್ಲ ಎಂದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಗಂಡನಿಗೆ ಕೂಡ. ಹೇಳುವ ಸಂದರ್ಭ ಬರಲಿಲ್ಲ ಎಂದು ಬರೆಯಹೊರಟೆ, ಅದೂ ಸುಳ್ಳು. ಸಂದರ್ಭಗಳು ಎಷ್ಟೋ ಬಂದವು. ನಾನು ಬಾಯಿ ಬಿಡಲಿಲ್ಲ, ಅಷ್ಟೆ.

ನಾನು ವೈದ್ಯೆ. ಡೆಟ್ರಾಯ್ಟಿನ ಉತ್ತರಕ್ಕೆ, ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಮನೆ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಗಂಡ ಗುರುರಾಜ ಧಾರವಾಡದವನು, ಕಾರಿನ ಬ್ರೇಕುಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅವನ ತಂಗಿ ಸುವರ್ಣಾ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದಾಳೆ. ಅಣ್ಣನ ಹೆಂಡತಿಯನ್ನು ಅವರ ಕಡೆ ವೈನಿ ಎನ್ನುತ್ತಾರೆ. ಅವಳು ನನ್ನನ್ನು ಕರೆಯುವುದು ಹಾಗೆಯೇ.

ಮಾವ ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ನಮ್ಮ ಮಗಳು ಕಾಲೇಜಿಗೆ ಹೋಗಿ ಖಾಲಿಯಾಗಿದ್ದ ಕೋಣೆಯನ್ನು ಅವರಿಗೆ ಕೊಟ್ಟೆವು. ಅವರಿಂದ ನನಗೆ ಏನೂ ತೊಂದರೆ ಇರಲಿಲ್ಲ — ಇದನ್ನು ಮೊದಲೇ ಹೇಳಿಬಿಡಬೇಕು. ಊಟಕ್ಕೆ ಹಾಕಿದ್ದನ್ನು ತಿನ್ನುತ್ತಿದ್ದರು, ತಟ್ಟೆ ತಾವೇ ತೊಳೆಯುತ್ತಿದ್ದರು, ಟಿವಿ ಮುಂದೆ ಕೂರುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ನಡಿಗೆ. ನಮ್ಮ ಬಡಾವಣೆಯ ಹಿಂದೆ ಒಂದು ಜಲ್ಲಿ ಹಾದಿಯಿದೆ. ಮರಗಳ ನಡುವೆ ಹಾದು ಒಂದು ಸಣ್ಣ ಕೆರೆಯ ತನಕ ಹೋಗುತ್ತದೆ. ದಿನವೂ ಅಲ್ಲಿಗೆ ಹೋಗುತ್ತಿದ್ದರು. ಮಳೆ ಬಂದರೆ ಇನ್ನೂ ಖುಷಿಯಿಂದ ಹೊರಡುತ್ತಿದ್ದರು. ಒದ್ದೆಯಾಗಿ ಬಂದವರನ್ನು ನಾನು ಒಮ್ಮೆ ಆಕ್ಷೇಪಿಸಿದಾಗ, "ಬಿಸಲಿದ್ದ ದಿನಾ ಎಲ್ಲಾ ಅಂಕಲ್‌ಗೋಳೂ ಬಂದಿರ್ತಾರ ಶೈಲಾ. ಮೊಣಕಾಲ ಆಪರೇಶನ್ ಬಿಟ್ರ ಬ್ಯಾರೆ ಮಾತಿಲ್ಲ. ಮಳಿಯೊಳಗ ಯಾರೂ ಗಂಟ ಬೀಳೂದಿಲ್ಲ" ಎಂದಿದ್ದರು.

ಮರೆವು ಶುರುವಾಗಿತ್ತು, ಅದು ನಿಜ. ಒಂದು ದಿನ ನೀರು ಹಾಕದೆ ಕುಕ್ಕರ್ ಇಟ್ಟರು. ಎರಡು ಮೂರು ಸಲ ನನ್ನನ್ನು ಅತ್ತೆಯ ಹೆಸರಿನಿಂದ ಕರೆದು, ತಾವೇ ತಡವರಿಸಿ, ಮುಖ ಬೇರೆ ಕಡೆ ತಿರುಗಿಸಿದರು. ಇನ್ನೊಮ್ಮೆ ಬೇರೆ ಯಾರದೋ ಗರಾಜಿನ ಮುಂದೆ ನಿಂತು ನಮ್ಮ ಮನೆಯ ಬಾಗಿಲಿನ ಕೋಡ್ ಒತ್ತುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಇಟ್ಟಿಗೆ, ಒಂದೇ ಗರಾಜು — ನಾನೇ ಹೊಸದರಲ್ಲಿ ಎಡವಿದ್ದೆ. ಆದರೆ ಆ ಮನೆಯ ಹೆಂಗಸು ಅವರನ್ನು ಕೈಹಿಡಿದು ನಮ್ಮ ಬಾಗಿಲಿಗೆ ಕರೆತಂದಾಗ ನನಗೆ ಅದು ನೆನಪಾಗಲಿಲ್ಲ.

ಆ ಪ್ರಾಣಿಯ ಮಾತು ಬಂದದ್ದು ಸೆಪ್ಟೆಂಬರ್ ತಿಂಗಳ ಒಂದು ಮಳೆಯ ದಿನ. ಅವರು ಕೊಡೆ ಮಡಚಿಟ್ಟು, ಚಹಾ ಕುಡಿಯಲು ಕೂತು, ಚಹಾ ಮುಟ್ಟದೆ ಹೇಳಿದರು:

"ಶೈಲಾ, ಇವತ್ತ ಒಂದ ಪ್ರಾಣಿ ನೋಡಿದೆ. ಬೆರಳಷ್ಟ ಉದ್ದ, ಇಟ್ಟಂಗಿ ಬಣ್ಣ. ಹಲ್ಲಿ ಹಂಗ ಕಾಣತದ, ಖರೆ ಹಲ್ಲಿ ಅಲ್ಲ. ಹಲ್ಲಿಗೆ ಅಷ್ಟ ಸಮಾಧಾನ ಇರೂದಿಲ್ಲ."

"ಎಲ್ಲಿ ಮಾವ?"

"ಅಲ್ಲೇ, ಕೆರೀ ಕಡೆ ಹೋಗೂ ದಾರಿಯೊಳಗ, ಬಿದ್ದ ಮರದ ಹತ್ರ. ನಡಿಲಿಕ್ಕೆ ಕಲಿಯೂ ಕೂಸಿನ ಹಂಗ ಒಂದೊಂದ ಹೆಜ್ಜಿ ಇಡತದ. ನಾ ಭಾಳ ಹೊತ್ತು ನಿಂತ ನೋಡಿದೆ. ನನಗ ಅದು ಅಂಜಲೇ ಇಲ್ಲ."

ನಾನು ಹೂಂ ಎಂದೆ. ಫೋನಿನಲ್ಲಿ ಆಸ್ಪತ್ರೆಯ ಸಂದೇಶ ನೋಡುತ್ತಿದ್ದೆ. ಮುಂದಿನ ಮಳೆಗೆ ಎರಡು ಕಂಡವು ಎಂದರು. ಅದರ ಮುಂದಿನದಕ್ಕೆ ಒಂದು ಮರಿ. ಅತ್ತೆ ಹೋದ ಮೇಲೆ ಅವರು ಇಷ್ಟು ಉತ್ಸಾಹದಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೈ ಮುಂದೆ ಚಾಚಿ, ಮೇಜಿನ ಮೇಲೆ ಬೆರಳುಗಳನ್ನು ನಿಧಾನವಾಗಿ ಇಟ್ಟು, ಅದು ಹೇಗೆ ನಡೆಯುತ್ತದೆಂದು ತೋರಿಸುತ್ತಿದ್ದರು. ನನಗೆ ಆ ಬೆರಳುಗಳನ್ನು ನೋಡುವಾಗ ಭಯವಾಯಿತು. ಅಂಥದೊಂದು ಕಾಯಿಲೆಯಿದೆ — ಮರೆವಿನ ಜೊತೆಗೆ ಬರುತ್ತದೆ, ವಯಸ್ಸಾದವರಿಗೆ ಪುಟ್ಟ ಪುಟ್ಟ ಪ್ರಾಣಿಗಳು ಕಾಣಿಸತೊಡಗುತ್ತವೆ, ಇಲ್ಲದ ಪ್ರಾಣಿಗಳು. ಓದಿದ್ದೆ. ಅಂಥ ರೋಗಿಗಳನ್ನೂ ನೋಡಿದ್ದೆ. ಆ ಕಾಯಿಲೆಯ ಹೆಸರು ತಲೆಯಲ್ಲಿ ಕೂತದ್ದೇ, ಬೇರೇನನ್ನೂ ನಾನು ಯೋಚಿಸಲಿಲ್ಲ. ಇಲ್ಲಿನ ಕಾಡಿನಲ್ಲಿ ಅಂಥ ಪ್ರಾಣಿ ಇದೆಯೇ ಎಂದು ಹುಡುಕಲು ಕೈಯಲ್ಲಿದ್ದ ಫೋನೇ ಸಾಕಾಗಿತ್ತು. ನಾನು ಹುಡುಕಲಿಲ್ಲ.

ಗುರು ಒಂದು ಶನಿವಾರ ಅವರ ಜೊತೆ ಹೋಗಿ ಬಂದ. ಒಳ್ಳೆಯ ಬಿಸಿಲಿತ್ತು. ಬಂದವನು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದ:

"ಏನೂ ಇಲ್ಲ ಶೈಲಾ ಅಲ್ಲಿ. ಒಣಗಿದ ಎಲಿ ಅಷ್ಟ. ಅಪ್ಪ ನೆಲದ ಮ್ಯಾಲೆ ಕೂತು ಎಲಿ ಸರಿಸಿ ಸರಿಸಿ ಹುಡುಕಿದ್ರು. ಇಲ್ಲೇ ಇದ್ವಲ್ಲೋ, ಇಲ್ಲೇ ಇದ್ವಲ್ಲೋ ಅಂತ... ನನಗ ನೋಡ್ಲಿಕ್ಕೆ ಆಗ್ಲಿಲ್ಲ."

"ಅಪಾಯಿಂಟ್‌ಮೆಂಟ್ ತಗೋತೀನಿ" ಎಂದೆ.

ನರರೋಗ ತಜ್ಞರ ಬಳಿಗೆ ನಾನೇ ಕರೆದುಕೊಂಡು ಹೋದೆ. ಮಾವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನಿಧಾನವಾಗಿ, ಯೋಚಿಸಿ ಮಾತಾಡುತ್ತಿದ್ದರು. ಆ ಡಾಕ್ಟರ್ ಒಳ್ಳೆಯವರೇ. ಗಡಿಯಾರದ ಚಿತ್ರ ಬರೆಸಿದರು, ಕೆಲವು ಶಬ್ದಗಳನ್ನು ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಮಾವ ಒಂದೆರಡು ಮರೆತರು. ಆಮೇಲೆ ಡಾಕ್ಟರ್, ಇಲ್ಲದ್ದು ಏನಾದರೂ ಕಾಣಿಸುತ್ತದೆಯೇ ಎಂದರು. ಮಾವ ನನ್ನ ಮುಖ ನೋಡಿದರು. "ಮಳೆ ಬಂದಾಗ" ಎಂದು ಇಂಗ್ಲಿಷಿನಲ್ಲೇ ಶುರು ಮಾಡಿದರು, "ಮಳೆ ಬಂದಾಗ ಮಾತ್ರ, ನೆಲದ ಮೇಲೆ —"

"ಮಾವ, ನಾನು ಹೇಳ್ತೀನಿ" ಎಂದೆ.

ಹೇಳಿದೆ. ಇಟ್ಟಿಗೆ ಬಣ್ಣದ ಸಣ್ಣ ಪ್ರಾಣಿಗಳು. ವಾರದಲ್ಲಿ ಹಲವು ಸಲ. ನಿಜವೆಂದೇ ನಂಬುತ್ತಾರೆ. ಮಗ ಹೋಗಿ ನೋಡಿದಾಗ ಏನೂ ಇರಲಿಲ್ಲ. ಒಂದೊಂದೂ ಸರಿಯಾದ ವಾಕ್ಯ, ಒಬ್ಬ ವೈದ್ಯೆ ಇನ್ನೊಬ್ಬ ವೈದ್ಯರಿಗೆ ಹೇಳುವ ವಾಕ್ಯ. ಮನೆಯೊಳಗೆ ಅವರಿಗೆ ಎಂದೂ ಏನೂ ಕಂಡಿಲ್ಲ ಎಂಬುದನ್ನು ಹೇಳಲಿಲ್ಲ. ಬಿಸಿಲಲ್ಲಿ ಕಂಡಿಲ್ಲ ಎಂಬುದನ್ನೂ ಹೇಳಲಿಲ್ಲ. ಮಳೆ ಎಂದು ಅವರು ಹೇಳಹೊರಟದ್ದು ನನ್ನ ಮಾತಿನ ಕೆಳಗೆ ಎಲ್ಲೋ ಹೋಯಿತು. ಆಗ ನನಗೆ ಗೊತ್ತಿರಲಿಲ್ಲ. ಅದನ್ನು ತಪ್ಪು ಎನ್ನಬಹುದು, ವಂಚನೆ ಎನ್ನಲಾಗದು. ವಂಚನೆ ಆಮೇಲಿನದು.

ಡಾಕ್ಟರ್ ಬರೆದುಕೊಟ್ಟ ಗುಳಿಗೆ ಶುರುವಾಯಿತು. ಮನೆಯ ಬಾಗಿಲುಗಳಿಗೆ ಗುರು ಒಂದೊಂದು ಗಂಟೆ ಕೂರಿಸಿದ, ತೆಗೆದರೆ ಸದ್ದಾಗುತ್ತಿತ್ತು. ಒಬ್ಬರೇ ಹೊರಗೆ ಹೋಗಬಾರದು ಎಂದಾಯಿತು. ಮಾವ ವಾದ ಮಾಡಲಿಲ್ಲ. ಸೋಫಾದ ಮೂಲೆಯಲ್ಲಿ ಕೂತು ಅಲ್ಲೇ ತೂಕಡಿಸುತ್ತಿದ್ದರು, ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಎಚ್ಚರವಿದ್ದಾಗ ಒಂದೇ ಮಾತು:

"ಶೈಲಾ, ಒಂದ ಸಲ ಮಳಿಯೊಳಗ ನನ್ನ ಜೋಡಿ ಬಾ. ನೀನ ನೋಡು. ಇರಲಿಲ್ಲಂದ್ರ ನಾ ಮತ್ತ ಆ ಮಾತ ತಗಿಯೂದಿಲ್ಲ."

"ಬರ್ತೀನಿ ಮಾವ. ಈ ವಾರ ಡ್ಯೂಟಿ ಇದೆ, ಮುಂದಿನ ವಾರ."

ಎಷ್ಟು ಸಲ ಹೀಗೆ ಹೇಳಿದೆನೋ. ನಾನು ದಣಿದಿದ್ದೆ. ಆಸ್ಪತ್ರೆಯಲ್ಲಿ ಇಡೀ ದಿನ ಕಾಯಿಲೆ, ಮನೆಗೆ ಬಂದರೆ ಮತ್ತೆ ಕಾಯಿಲೆ. ಗಂಟೆ ಸದ್ದಾದರೆ ಊಟ ಬಿಟ್ಟು ಏಳುವುದು. ಗುರುವಿನ ಸಪ್ಪೆ ಮುಖ. ಇದನ್ನು ಕಾರಣವೆಂದು ಮುಂದಿಡುತ್ತಿಲ್ಲ. ದಣಿದವರೆಲ್ಲ ನಾನು ಮಾಡಿದ್ದನ್ನು ಮಾಡುವುದಿಲ್ಲ.

ಕೊನೆಗೆ ಸುವರ್ಣಾಳೇ ಹೇಳಿದಳು: "ಅಪ್ಪನ್ನ ಇಲ್ಲಿ ಕಳಸ್ರಿ ವೈನಿ. ನಾ ಆಫೀಸಿಗೆ ಅಪ್ಲೈ ಮಾಡೇನಿ, ಮನಿಯಿಂದನ ಕೆಲಸಾ ಮಾಡ್ತೀನಿ. ನೀವು ಎಷ್ಟಂತ ಮಾಡ್ತೀರಿ?" ಫೋನ್ ಇಟ್ಟ ಮೇಲೆ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ದುಃಖಕ್ಕಲ್ಲ. ಮನಸ್ಸು ಅಷ್ಟು ಹಗುರಾಗಿತ್ತು. ಮುಂದಿನ ಭಾನುವಾರ ಹೊರಡುವುದೆಂದು ನಿಶ್ಚಯವಾಯಿತು.

ಅದಕ್ಕೆ ಎರಡು ಮೂರು ದಿನ ಮೊದಲು ನನಗೆ ರಜೆಯಿತ್ತು. ಬೆಳಗಿನಿಂದ ಜಿಟಿಜಿಟಿ ಮಳೆ. ಮಾವ ಗುಳಿಗೆ ತೆಗೆದುಕೊಂಡು ಮಲಗಿದ್ದರು. ಗುರು ಮನೆಯಿಂದಲೇ ಕೆಲಸ ಮಾಡುತ್ತ ಕೆಳಗೆ ಬೇಸ್‌ಮೆಂಟಿನಲ್ಲಿ ಮೀಟಿಂಗಿನಲ್ಲಿದ್ದ. ನಾನು ಮಾವನ ಬಟ್ಟೆ ಸೂಟ್‌ಕೇಸಿಗೆ ಹಾಕುತ್ತಿದ್ದೆ. ಸ್ವೆಟರ್ ಮಡಚುತ್ತ ಮಡಚುತ್ತ ಇದ್ದಕ್ಕಿದ್ದಂತೆ ಅನ್ನಿಸಿತು, ಮಾತು ಕೊಟ್ಟಿದ್ದೆನಲ್ಲ, ಒಂದು ಸಲ ಹೋಗಿ ಬರೋಣ. ಹೋಗಿ ನೋಡಿದೆ, ಇರಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬಹುದು ಎಂಬುದೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಪ್ರಾಮಾಣಿಕವಾಗಿ!

ಹಾದಿಯಲ್ಲಿ ಯಾರೂ ಇರಲಿಲ್ಲ. ಮೇಪಲ್ ಎಲೆಗಳು ಉದುರಿ ನೆಲಕ್ಕೆ ಅಂಟಿಕೊಂಡಿದ್ದವು. ಬಿದ್ದ ಮರದ ಹತ್ತಿರ ನಿಂತು ಸುತ್ತ ಕಣ್ಣಾಡಿಸಿದೆ. ಏನೂ ಇಲ್ಲ. ತಿರುಗಿ ಹೊರಡುವಾಗ ನನ್ನ ಶೂ ಮುಂದೆ ಒಂದು ಎಲೆ ಅಲುಗಿತು. ಅದರ ಅಡಿಯಿಂದ ಒಂದು ಪುಟ್ಟ ತಲೆ ಹೊರಬಂತು, ಆಮೇಲೆ ಒಂದು ಕೈ, ಬೆರಳುಗಳು ಅಗಲವಾಗಿ ಹರಡಿಕೊಂಡ ಕೈ. ಬೆರಳುದ್ದದ ಇಟ್ಟಿಗೆ ಬಣ್ಣದ ಮೈ. ಅದು ಒಂದು ಹೆಜ್ಜೆ ಇಟ್ಟು ನಿಂತಿತು. ಇನ್ನೊಂದು ಇಟ್ಟಿತು. ಮೇಜಿನ ಮೇಲೆ ಮಾವ ತೋರಿಸಿದ ನಡಿಗೆ, ಅದೇ.

ನಾನು ಅಲ್ಲೇ ಮಂಡಿಯೂರಿ ಕೂತೆ. ಸ್ವಲ್ಪ ಆಚೆ ಇನ್ನೊಂದು ಇತ್ತು. ಮರದ ಬುಡದಲ್ಲಿ ಮತ್ತೊಂದು. ಒಮ್ಮೆ ಕಣ್ಣು ಹೊಂದಿಕೊಂಡ ಮೇಲೆ ಕಾಣುತ್ತಲೇ ಹೋದವು. ಫೋನ್ ತೆಗೆದು ಫೋಟೋ ಹಿಡಿದೆ. ಆ ಮೊದಲ ಗಳಿಗೆಯಲ್ಲಿ ನನಗೆ ಸಂತೋಷವೇ ಆಗಿತ್ತು, ಹಾಗೆಂದು ನಂಬಲು ಬಯಸುತ್ತೇನೆ.

ಹಿಂದಿನಿಂದ ರೇನ್‌ಕೋಟ್ ಹಾಕಿಕೊಂಡ ಒಬ್ಬ ಹೆಂಗಸು ನಾಯಿಯನ್ನು ಹಿಡಿದುಕೊಂಡು ಬಂದಳು. ಬಗ್ಗಿ ನೋಡಿ, "ಓ, ನ್ಯೂಟ್" ಎಂದಳು. ಕಪ್ಪೆಯ ಕಡೆಯ ಜಾತಿಯಂತೆ. ಮರಿಗಳು ಕೆರೆ ಬಿಟ್ಟು ಬಂದು ಕೆಲವು ವರ್ಷ ಕಾಡಿನಲ್ಲಿರುತ್ತವೆ, ಬಿಸಿಲಲ್ಲಿ ಎಲೆಗಳಡಿ ಅಡಗಿದ್ದು ಮಳೆ ಬಿದ್ದರೆ ಹೊರಗೆ ಬರುತ್ತವೆ. ಹೇಳಿ ಹೊರಟವಳು ನಿಂತು ಕೇಳಿದಳು: ಇಲ್ಲಿ ಒಬ್ಬರು ವಯಸ್ಸಾದವರು ಕೊಡೆ ಹಿಡಿದು ಬರುತ್ತಿದ್ದರು, ಇಂಡಿಯನ್. ನಾಯಿ ಇವನ್ನು ತುಳಿದೀತು, ಹತ್ತಿರ ಹಿಡಿದುಕೊಳ್ಳಿ ಎಂದು ನನಗೆ ಹೇಳಿದ್ದರು. ಈಚೆಗೆ ಕಾಣುವುದಿಲ್ಲ. ನಿಮಗೆ ಗೊತ್ತೇ?

ಗೊತ್ತಿಲ್ಲ ಎಂದೆ.

ಯಾಕೆ ಹಾಗೆಂದೆ? ಅವಳು ಹೋದ ಮೇಲೆ ಮಳೆಯಲ್ಲಿ ನಿಂತು ನನ್ನನ್ನೇ ಕೇಳಿಕೊಂಡೆ. ಉತ್ತರ ಆಗಲೇ ಸಿದ್ಧವಾಗಿತ್ತು. ಇದನ್ನು ಹೇಳಿದರೆ ಭಾನುವಾರದ ಪ್ರಯಾಣ ನಿಲ್ಲುತ್ತದೆ. ಮತ್ತೆ ಡಾಕ್ಟರು, ಮತ್ತೆ ಪರೀಕ್ಷೆ. ಗುರು ನನ್ನ ಮುಖ ನೋಡುತ್ತಾನೆ — ನೀನು ಡಾಕ್ಟರ್ ಅಲ್ಲವೇ ಎಂದು ಬಾಯಿಬಿಟ್ಟು ಕೇಳದೆ. ಆ ತಜ್ಞರಿಗೆ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು ಎನ್ನಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮಾವ ಉಳಿಯುತ್ತಾರೆ. ಬಚ್ಚಲಲ್ಲಿ ಅತ್ತು ಪಡೆದುಕೊಂಡಿದ್ದ ಆ ಹಗುರು ಹೋಗಿಬಿಡುತ್ತದೆ. ಮರೆವಂತೂ ಇದ್ದೇ ಇದೆಯಲ್ಲ, ಇವತ್ತಲ್ಲ ನಾಳೆ — ಎಂದುಕೊಂಡೆ. ಹಾಗೆಂದುಕೊಳ್ಳುತ್ತಲೇ ಫೋಟೋ ಅಳಿಸಿದೆ.

ಮನೆಗೆ ಬಂದಾಗ ಮಾವ ಎದ್ದಿದ್ದರು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದರು. ನನ್ನ ಒದ್ದೆ ಶೂ ನೋಡಿದರು, ಮಂಡಿಗೆ ಮೆತ್ತಿದ್ದ ಕೆಸರು ನೋಡಿದರು. ಮುಖ ಅರಳಿತು.

"ಹೋಗಿದ್ದೇನು?"

"ಹೌದು ಮಾವ."

"ಇದ್ವೇನು?"

ಆ ಎರಡನೇ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗವಿತ್ತು. ಆ ಜಾಗದಲ್ಲಿ ನಾನು ಎಲ್ಲವನ್ನೂ ಸರಿಮಾಡಬಹುದಿತ್ತು.

"ಇರ್ಲಿಲ್ಲ ಮಾವ. ಚೆನ್ನಾಗಿ ನೋಡಿದೆ. ಏನೂ ಇರ್ಲಿಲ್ಲ."

ಅವರು ತಲೆದೂಗಿದರು. ಸಿಟ್ಟು ಮಾಡಲಿಲ್ಲ, ಇನ್ನೊಮ್ಮೆ ಕೇಳಲಿಲ್ಲ. ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಸ್ವಲ್ಪ ಹೊತ್ತಿನ ಮೇಲೆ, "ಹಂಗಾರ ಖರೇನ ನನ್ನ ತಲಿ ಕೆಟ್ಟದ" ಎಂದರು. ಆಮೇಲೆ, ನನ್ನನ್ನು ಸಮಾಧಾನ ಮಾಡುವವರಂತೆ: "ಆಗ್ಲಿ. ಮಳಿಯೊಳಗ ಹೋಗಿ ನೋಡಿ ಬಂದಿ. ಅಷ್ಟರೆ ಮಾಡಿದೆಲ್ಲ."

ಅವರು ನನ್ನನ್ನು ನಂಬಿದರು. ನಾನು ಹೆದರಿದ್ದು ಅವರು ನಂಬಲಿಕ್ಕಿಲ್ಲ ಎಂದು. ನಂಬಿದರೆ ಏನಾಗುತ್ತದೆಂದು ಯೋಚಿಸಿರಲಿಲ್ಲ.

ಅದು ಭಾನುವಾರ ದಾರಿಯಲ್ಲಿಯೇ ಶುರುವಾಯಿತು. ಗುರು ಡ್ರೈವ್ ಮಾಡುತ್ತಿದ್ದ, ನಾನು ಹಿಂದೆ ಅವರ ಪಕ್ಕ. ಕಾಲಮಜೂ ಊರು ದಾಟಿದ ಮೇಲೆ ರಸ್ತೆಯಾಚೆ ಹೊಲದಲ್ಲಿ ಕುದುರೆಗಳು ನಿಂತಿದ್ದವು. ಮಾವ ನನ್ನ ಕಡೆ ಬಗ್ಗಿ, ಗುರುವಿಗೆ ಕೇಳದಂತೆ, "ಅಲ್ಲಿ ಕುದರಿ ಅದಾವೇನು?" ಎಂದರು.

"ಅವೆ ಮಾವ."

"ಹಾಂ" ಎಂದು ಮತ್ತೆ ಒರಗಿ ಕೂತರು.

ಸುವರ್ಣಾಳ ಮನೆಯಲ್ಲಿ ಅವರು ಆಮೇಲೆ ಎಲ್ಲವನ್ನೂ ಹಾಗೆ ಕೇಳತೊಡಗಿದರಂತೆ. ಅಂಗಳಕ್ಕೆ ಬಂದ ಜಿಂಕೆ. ಬಾಗಿಲಲ್ಲಿ ನಿಂತ ಕೊರಿಯರಿನವನು. ಮೇಜಿನ ಮೇಲಿನ ಕಿತ್ತಳೆ ಹಣ್ಣು. ಅವಳು ಬೇಸರವಿಲ್ಲದೆ ಪ್ರತಿಸಲವೂ ಹೇಳುತ್ತಿದ್ದಳು — ಅದ ಅಪ್ಪಾ, ಖರೇನ ಅದ. ಕ್ರಮೇಣ ಅವರು ಕೇಳುವುದನ್ನೂ ಬಿಟ್ಟರು, ನೋಡುವುದನ್ನೂ ಬಿಟ್ಟರು; ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು.

ಚಳಿ ಶುರುವಾದಾಗ ಅವಳು ನನಗೆ ಫೋನ್ ಮಾಡಿದಳು. "ವೈನಿ, ಈ ಗುಳಿಗಿ ಕಮ್ಮಿ ಮಾಡಬೌದೇನ್ರಿ? ಭಾಳ ಮಂಕಾಗ್ಯಾರ. ನಡೀಬೇಕಾದ್ರ ಜೋಲಿ ಹೊಡೀತಾರ. ಇಲ್ಲಿ ಡಾಕ್ಟರಿಗೆ ಕೇಳಲೇನು?"

ಆಗಲಾದರೂ ಹೇಳಬೇಕಿತ್ತು. ಆ ಗುಳಿಗೆ ಕೊಟ್ಟದ್ದೇ ಇಲ್ಲದ್ದು ಕಾಣುತ್ತದೆಂದು. ಆ ಕಾರಣವೇ ಇಲ್ಲವೆಂದು ಈ ಭೂಮಿಯ ಮೇಲೆ ಗೊತ್ತಿದ್ದವಳು ನಾನೊಬ್ಬಳೇ. ನಾನು ಹೇಳಿದ್ದು ಇದು: "ನಿಲ್ಲಿಸ್ಬೇಡ ಸುವರ್ಣಾ. ನಿಲ್ಲಿಸಿದ್ರೆ ಮತ್ತೆ ಶುರುವಾಗುತ್ತೆ."

ವೈನಿ ಡಾಕ್ಟರ್ ಅಲ್ಲವೇ, ಅವಳು ಗುಳಿಗೆ ಮುಂದುವರಿಸಿದಳು.

ಜನವರಿಯಲ್ಲಿ ಅವರು ಬಚ್ಚಲಲ್ಲಿ ಬಿದ್ದರು. ಸುವರ್ಣಾ ಆಫೀಸಿನ ಒಂದು ಫೋನ್ ಕಾಲ್ ತೆಗೆದುಕೊಳ್ಳಲು ಕೆಳಗಿಳಿದಿದ್ದಳು. ಸೊಂಟದ ಮೂಳೆ ಮುರಿಯಿತು, ಆಪರೇಶನ್ ಆಯಿತು, ಆಮೇಲೆ ನ್ಯೂಮೋನಿಯಾ. ಒಂದು ತಿಂಗಳೊಳಗೆ ಹೋದರು. ಆ ಕಾಲ್ ತೆಗೆದುಕೊಳ್ಳಬಾರದಿತ್ತು ಎಂದು ಸುವರ್ಣಾ ಇಂದಿಗೂ ಹೇಳುತ್ತಾಳೆ. ಪ್ರತಿ ವರ್ಷ ಶ್ರಾದ್ಧದ ದಿನ ಎಲ್ಲರೂ ಊಟ ಮಾಡಿ ಹೋದ ಮೇಲೆ ಹೇಳುತ್ತಾಳೆ, ನಾನು ಅವಳ ಬೆನ್ನು ಸವರುತ್ತೇನೆ. ನಿನ್ನ ತಪ್ಪಲ್ಲ ಎನ್ನುತ್ತೇನೆ. ಯಾರ ತಪ್ಪೆಂದು ಹೇಳುವುದಿಲ್ಲ.

ಹೀಗೆಯೇ ನಡೆದುಹೋಗುತ್ತಿತ್ತು. ಸತ್ತವರಿಗೆ ಇನ್ನೇನಾಗಬೇಕು ಎಂದು ನಾನೂ ಸುಮ್ಮನಿದ್ದುಬಿಡುತ್ತಿದ್ದೆ. ಆದರೆ ಈ ವಸಂತದಲ್ಲಿ ಸುವರ್ಣಾ ಫೋನ್ ಮಾಡಿದಳು. ಮೀಟಿಂಗಿನಲ್ಲಿ ತನಗೆ ಹೆಸರುಗಳು ನೆನಪಾಗುತ್ತಿಲ್ಲ ಎಂದಳು. ಒಂದು ಸಂಜೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಣ್ಣಂಚಿಗೆ ಬೆಕ್ಕು ಓಡಿದಂತಾಯಿತು, ತಿರುಗಿ ನೋಡಿದರೆ ಇರಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಡಾಕ್ಟರ್ ಕೇಳಿದರಂತೆ. ನಮ್ಮಪ್ಪನಿಗೆ ಇಲ್ಲದ ಪ್ರಾಣಿಗಳು ಕಾಣುತ್ತಿದ್ದವು ಎಂದಿದ್ದಾಳೆ. ಈಗ ಸ್ಕ್ಯಾನು, ಪರೀಕ್ಷೆ. ಹೈವೇ ಮೇಲೆ ಡ್ರೈವ್ ಮಾಡುವುದು ಬಿಟ್ಟಿದ್ದಾಳೆ. ಕೆಲಸ ಬಿಡುವ ಯೋಚನೆ ಮಾಡುತ್ತಿದ್ದಾಳೆ.

"ಅಪ್ಪಗ ಆಗಿದ್ದ ನನಗೂ ಸುರು ಆಗೇದ ವೈನಿ."

ಐವತ್ತರ ಹೆಂಗಸು, ನಿದ್ದೆಯಿಲ್ಲದವಳು, ವರ್ಷಗಟ್ಟಲೆ ಅಪ್ಪನ ಸಾವನ್ನು ಹೊತ್ತವಳು. ಹೆಸರು ಮರೆಯುವುದಕ್ಕೆ ಇಷ್ಟು ಸಾಕು. ಆದರೆ ಅವಳು ತನ್ನ ಕಣ್ಣನ್ನೇ ಅನುಮಾನಿಸತೊಡಗಿದ್ದಳು, ಅವರಂತೆಯೇ, ನನ್ನ ಆ ಒಂದು ಮಾತಿನಿಂದ. ಆ ಮಾತು ಇನ್ನೂ ಕೆಲಸ ಮಾಡುತ್ತಿತ್ತು.

ಮೊದಲು ಗುರುವಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದ; ನಲ್ಲಿ ನಿಲ್ಲಿಸಿದ. ನಾನು ಹೇಳಿ ಮುಗಿಸುವ ತನಕ ಕೈ ಸಿಂಕಿನಲ್ಲಿಯೇ ಇತ್ತು. ಬೈಯುತ್ತಾನೆ ಎಂದುಕೊಂಡಿದ್ದೆ. "ಅವತ್ತ ಬಿಸಲಿತ್ತು" ಎಂದ. "ನಾ ಬಿಸಲಾಗ ಕರಕೊಂಡ ಹೋದೆ." ಕೈ ಒರೆಸಿಕೊಂಡು ಗರಾಜಿಗೆ ಹೋಗಿ ಕಾರಿನಲ್ಲಿ ಕೂತ. ಕಾರು ಹೊರಡಲಿಲ್ಲ. ನಾನು ಹಿಂದೆ ಹೋಗಲಿಲ್ಲ.

ಶನಿವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಹಾಫ್‌ಮನ್ ಎಸ್ಟೇಟ್ಸ್‌ಗೆ ಹೋದೆ. ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು. ಮೊದಲು ಊಟ ಮಾಡ್ರಿ ಎಂದಳು. ಮೊದಲು ಕೇಳು ಎಂದೆ. ನಿಂತೇ ಹೇಳಿದೆ. ಹಾದಿ, ನ್ಯೂಟು, ನಾಯಿ ಹಿಡಿದ ಹೆಂಗಸು, ಫೋಟೋ ಅಳಿಸಿದ್ದು, ಇರಲಿಲ್ಲ ಎಂದದ್ದು, ಗುಳಿಗೆಯ ಮಾತು — ಯಾವುದನ್ನೂ ಬಿಡಲಿಲ್ಲ. ದಣಿವಿನ ಮಾತು ಬಾಯಿಗೆ ಬಂತು, ನುಂಗಿಕೊಂಡೆ.

ಅವಳು ಒಲೆ ಆರಿಸಿದಳು. ಹಿಟ್ಟಿನ ಕೈಯಲ್ಲೇ ಕುರ್ಚಿಯ ಮೇಲೆ ಕೂತಳು.

"ನಾ ಗುಳಿಗಿ ಬಗ್ಗೆ ಕೇಳಿದಾಗರೆ ಹೇಳಬೇಕಿತ್ತಲ್ರಿ."

"ಹೇಳ್ಬೇಕಿತ್ತು."

"ನಾ ಕೇಳಿದ್ದೆ. ನಿಮ್ಮನ್ನ ಕೇಳಿದ್ದೆ."

"ಹೌದು."

ಅವಳು ಕೈಗೆ ಅಂಟಿದ್ದ ಹಿಟ್ಟನ್ನು ಉಜ್ಜಿ ತೆಗೆದಳು. ಆಮೇಲೆ ಅವಳು, ನನಗೆ ಗೊತ್ತಿರದ ಒಂದು ಸಂಗತಿ ಹೇಳಿದಳು. ಡಿಸೆಂಬರಿನಲ್ಲಿ ಒಂದು ದಿನ ಹಿಮದ ಬದಲು ಮಳೆ ಬಂದಿತ್ತಂತೆ. ಮಾವ ಕಣ್ಣು ಮುಚ್ಚಿಕೊಂಡು ಕೂತಿದ್ದವರು ಸದ್ದು ಕೇಳಿ ಎದ್ದು ಕಿಟಕಿಗೆ ಬಂದರು.

"ಮಳಿ ಖರೇನ ಬರ್ಲಿಕತ್ತದೇನು ಸುವರ್ಣಾ? ಅಂತ ಕೇಳಿದ್ರು. ಹೌದಪಾ ಅಂದೆ. ನನ್ನ ಮಾತ ಸಾಲಲಿಲ್ಲ ಅವರಿಗೆ. ಬಾಗಲಾ ತಗಸಿ, ಕೈ ಹೊರಗ ಚಾಚಿದ್ರು. ಅಂಗೈ ತೋಯ್ದದ್ದನ್ನ ನೋಡ್ಕೋತ ನಿಂತ್ರು. ಆಮ್ಯಾಲೆ ಆ ಕೈ ನನ್ನ ಕೈಗೆ ಹಚ್ಚಿ, ತೋಯ್ದದೇನು ಅಂತ ಮತ್ತ ಕೇಳಿದ್ರು."

ಅವಳು ಅಳಲಿಲ್ಲ. ನನ್ನ ಮುಖ ನೋಡಿ ಹೇಳಿದಳು: "ನನಗ ಹೇಳಿದ್ರಿ. ಛಲೋ ಆತು. ಅಪ್ಪಗ ಯಾರು ಹೇಳಬೇಕು?"

ನಾನು ಭಾನುವಾರವೂ ಅಲ್ಲೇ ಉಳಿದೆ.

ಸೋಮವಾರ ಅವಳ ಡಾಕ್ಟರ ಬಳಿಗೆ ಜೊತೆಯಲ್ಲಿ ಹೋದೆ. ಅವಳು ಬರ್ರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಲ್ಲಿ ನನ್ನ ಹೆಸರು, ನನ್ನ ವೃತ್ತಿ ಹೇಳಿ, ಇವರ ತಂದೆ ಕಂಡದ್ದು ನಿಜವಾದ ಪ್ರಾಣಿಗಳು, ಅದು ಗೊತ್ತಿದ್ದೂ ನಾನು ಮುಚ್ಚಿಟ್ಟೆ ಎಂದೆ. ಡಾಕ್ಟರ್ ಟೈಪ್ ಮಾಡುವುದನ್ನು ನಿಲ್ಲಿಸಿ ಒಮ್ಮೆ ನನ್ನನ್ನು ನೋಡಿದರು, ಮತ್ತೆ ಟೈಪ್ ಮಾಡಿದರು. ಪರೀಕ್ಷೆಗಳನ್ನು ಮಾಡಿಯೇ ತೀರುತ್ತೇವೆ, ಆದರೆ ಇದು ಬಹಳ ಮುಖ್ಯವಾದ ಮಾತು ಎಂದರು. ಹೊರಗೆ ಬಂದ ಮೇಲೆ ಸುವರ್ಣಾ ಕಾರಿನ ಕೀ ಕೇಳಿ ಇಸಿದುಕೊಂಡಳು. ಹೈವೇಗೆ ಸೇರುವ ರ‍್ಯಾಂಪಿನಲ್ಲಿ ಒಂದು ಕ್ಷಣ ಅವಳ ಕೈ ಬಿಗಿಯಿತು; ಆಮೇಲೆ ಸೇರಿಕೊಂಡಳು. ಮನೆಯ ತನಕ ಅವಳೇ ಡ್ರೈವ್ ಮಾಡಿದಳು. ನಾನು ನನ್ನ ಬ್ಯಾಗ್ ತೆಗೆದುಕೊಂಡು ಅಂದೇ ಹೊರಟೆ.

ಪರೀಕ್ಷೆಗಳಲ್ಲಿ ಏನೂ ಬರಲಿಲ್ಲ ಎಂದು ಗುರುವಿನಿಂದ ತಿಳಿಯಿತು. ನನಗೆ ಅವಳು ಫೋನ್ ಮಾಡುವುದಿಲ್ಲ ಈಗ. ಭಾನುವಾರ ಬೆಳಿಗ್ಗೆ ಅಣ್ಣನಿಗೆ ಮಾಡುತ್ತಾಳೆ. ಆಚೆ ಕೋಣೆಯಿಂದ ಅವನ ದನಿ ಕೇಳಿಸುತ್ತದೆ, ನಡುನಡುವೆ ಅವಳ ನಗು ಕೂಡ. ಮೊದಲಾಗಿದ್ದರೆ ಎದ್ದು ಹೋಗಿ, ಕೊಡಿ ಇಲ್ಲಿ ಎಂದು ಫೋನ್ ಕಸಿದುಕೊಳ್ಳುತ್ತಿದ್ದೆ. ಈಗ ಕೂತಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ. ಅವಳಾಗಿ ಕರೆಯುವ ತನಕ ಅಷ್ಟೇ ನನ್ನ ಪಾಲಿನದು, ಕರೆಯದೆಯೂ ಇರಬಹುದು.